ರಾಚಪ್ಪನ ಹೊಲದ ದಾರಿ

ನಮ್ಮೂರಲ್ಲಿ ಮಾತಾಡುವ ಮೊದಲು ಕಾಲ ಕೆಳಗೆ ನೋಡಿಕೊಳ್ಳಬೇಕು. ರಸ್ತೆಯ ಮೇಲಿದ್ದೀರೋ, ನಿಮ್ಮ ದನಿ ನಿಮ್ಮದು. ಒಡ್ಡು ದಾಟಿ ಯಾರದಾದರೂ ಹೊಲಕ್ಕೆ ಇಳಿದಿರೋ, ಬಾಯಿಂದ ಬರುವುದು ಆ ಹೊಲದವರ ದನಿ. ಹೊರಗಿನವರು ಬೆಚ್ಚಿಬಿದ್ದು ಗಂಟಲು ಹಿಡಿದುಕೊಳ್ಳುತ್ತಾರೆ. ನಮಗೆ ಅದು ಗುಡಿಯ ಮುಂದೆ ಚಪ್ಪಲಿ ಬಿಟ್ಟಷ್ಟೇ ಸಹಜ. ಬಾಳವ್ವನ ಹೊಲದಲ್ಲಿ ಅತ್ತೆ ಸೊಸೆ ಜಗಳಕ್ಕೆ ನಿಂತರೆ, ದಾರಿಯಲ್ಲಿ ಹೋಗುವವರಿಗೆ ಒಬ್ಬಳೇ ಹೆಂಗಸು ತನ್ನನ್ನು ತಾನೇ ಬೈದುಕೊಳ್ಳುವಂತೆ ಕೇಳಿಸುತ್ತದೆ. ಭಜನಾ ಮಂಡಳಿಯವರು ತಾಲೀಮಿಗೆ ಈರಣ್ಣನ ಮೆಣಸಿನಕಾಯಿ ತೋಟಕ್ಕೇ ಹೋಗುತ್ತಾರೆ, ಆತನ ಕಂಠ ಅಷ್ಟು ಚೆಂದ. ಹಬ್ಬದ ದಿನ ಗುಡಿಯಲ್ಲಿ ತಮ್ಮ ತಮ್ಮ ದನಿಯಲ್ಲಿ ಹಾಡಿದಾಗ ಊರವರು ಮೆಲ್ಲಗೆ ಎದ್ದು ಮನೆಗೆ ಹೋಗುತ್ತಾರೆ. ಇನ್ನು ಪ್ರೀತಿ ಮಾಡುವವರಂತೂ ಹೊಲದ ಕಡೆ ಸುಳಿಯುವುದಿಲ್ಲ. ಅಲ್ಲಿ ಹುಡುಗಿ ಬಾಯಿ ತೆರೆದರೆ ಅವರಪ್ಪನೇ ಮಾತಾಡಿದಂತಾಗುತ್ತದೆ, ಯಾವ ಹುಡುಗ ತಡೆದುಕೊಂಡಾನು?

ನಾನು ಕಾಡಪ್ಪ. ಕಟ್ಟಿಗೆ ವ್ಯಾಪಾರಿ. ಹೆಸರು ಇಟ್ಟವರಿಗೆ ಕಸುಬು ಮೊದಲೇ ಗೊತ್ತಿತ್ತೇನೋ ಎಂದು ಜನ ಕಾಲೆಳೆಯುತ್ತಾರೆ. ಆ ವರ್ಷ ನಾನು ಗುಡ್ಡದ ಮೇಲಿನ ತೇಗದ ತೋಪನ್ನು ಗುತ್ತಿಗೆ ಹಿಡಿದಿದ್ದೆ. ನೇಕಾರ ಓಣಿಯವರು ಹೊಸ ಮಗ್ಗ ಹಾಕಿಸಬೇಕೆಂದು ಕಟ್ಟಿಗೆಗೆ ಕಾದು ಕೂತಿದ್ದರು. ಅವರಿಗೆ ಮಾತು ಕೊಟ್ಟುಬಿಟ್ಟಿದ್ದೆ. ಕೊಟ್ಟ ಉಮೇದಿನಲ್ಲೇ ಕೊಡಲಿಯವರನ್ನು ಕರೆದೊಯ್ದು, ಬಲಿತ ಮರಗಳನ್ನು ನೋಡಿ ನೋಡಿ ಕೆಡವಿಸಿ, ಕೊಂಬೆ ಸವರಿಸಿ, ದಿಮ್ಮಿಗಳನ್ನು ಸಾಲಾಗಿ ಮಲಗಿಸಿ, ಆಮೇಲೆ ಹಣೆಯ ಬೆವರು ಒರೆಸಿಕೊಂಡು ಕೆಳಗೆ ನೋಡಿದೆ. ದಿಮ್ಮಿ ಇಳಿಸಲು ದಾರಿಯೇ ಇರಲಿಲ್ಲ. ಮೂರು ಕಡೆ ಕಡಿದಾದ ಬಂಡೆ. ನಾಲ್ಕನೆಯ ಕಡೆ, ಗುಡ್ಡದ ಬುಡದಿಂದ ಊರ ರಸ್ತೆಯವರೆಗೂ, ರಾಚಪ್ಪನ ಎರೆ ಹೊಲ. ಜೋಳ ಕೊಯ್ದಾಗಿತ್ತು, ನೆಲ ಕಲ್ಲಿನಂತೆ ಗಟ್ಟಿಯಾಗಿತ್ತು, ಗಾಡಿ ಹೊಡೆಯಲು ಹೇಳಿ ಮಾಡಿಸಿದಂತಿತ್ತು. ಆದರೆ ಎರೆ ಮಣ್ಣಿನ ಗುಣ ನಿಮಗೆ ಗೊತ್ತಲ್ಲ. ಒಂದು ಮಳೆ ಬಿದ್ದರೆ ಸಾಕು, ಗಾಡಿಯಿರಲಿ, ಮೇಕೆಯ ಕಾಲು ಕೂಡ ಕಿತ್ತು ಬರುವುದಿಲ್ಲ. ಮಳೆಗೆ ಮುಂಚೆ ಇಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ರಾಚಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ನಮ್ಮಲ್ಲಿ ಹೊಲ ಕೈ ಬದಲಾಗುವುದು ಒಂದು ಹಿಡಿ ಮಣ್ಣಿನಿಂದ. ಹಿರಿಯರು ಹೊಲದ ಮಣ್ಣನ್ನು ಮುಂದಿನವರ ಅಂಗೈಗೆ ಹಾಕಿದರೆ ಹೊಲವೂ ಅವರದು, ದನಿಯೂ ಅವರದು. ರಾಚಪ್ಪ ಮಧ್ಯಾಹ್ನ ಉಂಡು ಮಲಗಿದವನು ಏಳಲೇ ಇಲ್ಲ, ಯಾರ ಕೈಗೂ ಮಣ್ಣು ಹಾಕಲಿಲ್ಲ. ಹೀಗಾಗಿ ಉತ್ತಿ ಬಿತ್ತಿ ಬೆಳೆಯುವವಳು ಆತನ ಹೆಂಡತಿ ತಂಗೆವ್ವನಾದರೂ ಹೊಲ ಮಾತ್ರ ಆತನ ದನಿಯಲ್ಲೇ ಉಳಿದಿತ್ತು. ನೆಲದೊಳಗೆ ಕಾಳು ತುಂಬಿಡುವ ಹಗೇವಿನ ತಳದಿಂದ ಯಾರೋ ಕರೆದಂಥ ದಪ್ಪ, ಸಾವಕಾಶದ ದನಿ. ಬದುಕಿದ್ದಾಗ ಅದನ್ನು ಕೇಳಿದವರೇ ಕಡಿಮೆ. ಏನು ಕೇಳಿದರೂ ಆತ ಹೇಳುತ್ತಿದ್ದದ್ದು ಒಂದೇ ಮಾತು, ‘ನೋಡೂಣು’. ತಂಗೆವ್ವ ಸೀರೆ ಕೇಳಿದರೆ ನೋಡೂಣು, ತಂಗಿಯ ಊರಿಗೆ ಹೋಗಿಬರಲೇ ಎಂದರೆ ನೋಡೂಣು. ಗಟ್ಟಿಯಾಗಿ ನಕ್ಕದ್ದನ್ನಂತೂ ಕಂಡವರಿಲ್ಲ. ನಗು ಬಂದರೆ ಮೀಸೆ ಸ್ವಲ್ಪ ಅಲುಗುತ್ತಿತ್ತು, ಅಷ್ಟೇ.

ಹೀಗೆ ಸತ್ತವರ ದನಿಯಲ್ಲಿ ಉಳಿದ ಹೊಲದಲ್ಲಿ ನಮ್ಮೂರವರು ಬಾಯಿ ತೆರೆಯುವುದಿಲ್ಲ. ಅದು ಮರ್ಯಾದೆ. ಕಳೆ ಕೀಳುವ ಹೆಂಗಸರು ಅಲ್ಲಿ ಕೈಸನ್ನೆಯಲ್ಲೇ ಇಡೀ ಊರಿನ ಸುದ್ದಿ ಹೇಳಿ ಮುಗಿಸುತ್ತಾರೆ. ಕೆಮ್ಮು ಬಂದರೆ ಒಡ್ಡಿನ ಆಚೆ ಓಡಿಹೋಗಿ ಕೆಮ್ಮಿ ಬರುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ.

ನಾನು ಮೊದಲ ಸಲ ದಾರಿ ಕೇಳಲು ಹೋದಾಗ ತಂಗೆವ್ವ ಮನೆಯ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತ ಕೂತಿದ್ದಳು. ಕುಳ್ಳಗೆ, ಗಟ್ಟಿಮುಟ್ಟಾದ ಹೆಂಗಸು, ನನ್ನ ತಾಯಿಯ ವಾರಿಗೆಯವಳು. ಚಹಾ ಕೊಟ್ಟಳು, ಚುರುಮುರಿ ಕೊಟ್ಟಳು, ದಾರಿ ಒಂದನ್ನು ಬಿಟ್ಟು ಎಲ್ಲ ಕೊಟ್ಟಳು. ಗಾಡಿ ಓಡಾಡಿದರೆ ಹೊಲ ಬಿಗಿಯುತ್ತದೆ ಎಂದಳು. ಕಡೆಯ ಗಾಡಿ ದಾಟಿದ ಮರುದಿನವೇ ಆಳವಾಗಿ ನೇಗಿಲು ಹೊಡೆಸಿ ಕೊಡುತ್ತೇನೆ ಎಂದೆ. ಒಡ್ಡು ಒಡೆಯಬೇಕಾಗುತ್ತದಲ್ಲ ಎಂದಳು. ಒಡೆದದ್ದಕ್ಕಿಂತ ಗಟ್ಟಿಯಾಗಿ ಕಲ್ಲು ಹಾಕಿ ಕಟ್ಟಿಸುತ್ತೇನೆ ಎಂದೆ. ನಡುಹೊಲದಲ್ಲಿ ಬೇವಿನ ಗಿಡವಿದೆ, ಉದ್ದನೆಯ ದಿಮ್ಮಿ ತಿರುಗುವಾಗ ಅದರ ಮೈ ತರಚುತ್ತದೆ ಎಂದಳು. ಗಿಡಕ್ಕೆ ಗೋಣಿಚೀಲ ಸುತ್ತಿಸುತ್ತೇನೆ, ಒಂದು ಎಲೆ ಉದುರಿದರೂ ನನ್ನ ಕಿವಿ ಹಿಡಿದು ಕೇಳಿ ಎಂದೆ. ಬೆಣ್ಣೆ ಹಚ್ಚುವುದರಲ್ಲಿ ನಾನೇನು ಕಡಿಮೆಯವನಲ್ಲ. ಆಕೆ ಮೊರವನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು.

“ಇವೆಲ್ಲಾ ಇರಲಿ ಕಾಡಪ್ಪಾ. ದಾರಿ ಅಂದ್ರ ದಾರಿಗಲ್ಲು ನೆಡಬೇಕು. ಕಲ್ಲು ನೆಟ್ಟ ಮ್ಯಾಲೆ ಅಲ್ಲಿ ಅವರವರ ದನಿ ಅವರವರಿಗೆ. ನನ್ನ ಹೊಲದ ನಟ್ಟನಡುವ, ಬೇವಿನ ಬುಡಕ್ಕನ, ನಮ್ಮನಿಯವರ ದನಿ ಇಲ್ಲದಂಗ ಆಗ್ತೈತಿ. ಅದು ಮಾತ್ರ ನಾ ಒಲ್ಲೆ.”

ಇದಕ್ಕೆ ನನ್ನ ಬಳಿ ಬೆಣ್ಣೆ ಇರಲಿಲ್ಲ. ಇರುವ ಮಾತೇ ಅದು. ದಾರಿಯ ಎರಡು ತುದಿಗೂ ಕಲ್ಲು ನೆಟ್ಟರೆ ಆ ಪಟ್ಟಿ ಎಲ್ಲರದಾಗುತ್ತದೆ, ಒಮ್ಮೆ ಎಲ್ಲರದಾದದ್ದು ಮತ್ತೆ ಒಬ್ಬರದಾಗುವುದಿಲ್ಲ. ಕಲ್ಲು ನೆಡದೆ ಹೋಗೋಣವೆಂದರೆ ಗಾಡಿಯವರು ಒಪ್ಪುವುದಿಲ್ಲ. ತೇಗದ ದಿಮ್ಮಿ ಹೇರಿದ ಗಾಡಿ ಇಳಿಜಾರಿಗೆ ಬಿದ್ದಾಗ ಎತ್ತು ಕೇಳುವುದು ಹಗ್ಗವನ್ನಲ್ಲ, ತನ್ನವನ ದನಿಯನ್ನು. ನಡುವೆ ದನಿ ಬದಲಾದರೆ ಎತ್ತಿಗೆ ದಿಗಿಲು. ನಿಂತರೆ ನಿಂತೇಬಿಡುತ್ತದೆ, ಓಡಿದರೆ ದೇವರೇ ಗತಿ. ಗಾಡಿಯವರ ಪೈಕಿ ಹಿರಿಯ ಭೀಮಶಿ, ಅಗಲ ಭುಜದ, ನಾಚಿಕೆ ಸ್ವಭಾವದ ಮನುಷ್ಯ, ಕಲ್ಲು ನೆಟ್ಟ ದಾರಿ ತೋರಿಸಿದರಷ್ಟೇ ನೊಗ ಕಟ್ಟುತ್ತೇನೆ ಎಂದು ಕೈ ಕಟ್ಟಿ ನಿಂತಿದ್ದ.

ಎರಡನೆಯ ಸಲ ಹಿರಿಯರನ್ನು ಕರೆದುಕೊಂಡು ಹೋದೆ. ಹಿರಿಯರು ಚಹಾ ಕುಡಿದರು, ತೊಗರಿಯ ಬೆಳೆ ಚೆನ್ನಾಗಿದೆ ಎಂದರು, ಎದ್ದು ಬಂದರು. ಅವರಿಂದ ಆದದ್ದು ಅಷ್ಟೇ.

ಆಮೇಲೆ ನಾನು ಮಲಗಿದಲ್ಲಿ ಕೂತಲ್ಲಿ ಯೋಚಿಸಿ ಒಂದು ಉಪಾಯ ಹುಡುಕಿದೆ. ನನ್ನ ಜನ್ಮದಲ್ಲೇ ಇಷ್ಟು ನಾಜೂಕಾದ ಉಪಾಯ ನನಗೆ ಹೊಳೆದಿರಲಿಲ್ಲ. ಕಲ್ಲು ಬೇಡವೇ ಬೇಡ, ಈ ಒಂದು ಬೇಸಿಗೆಯ ಮಟ್ಟಿಗೆ ಅತಿಥಿಗಳ ಹಾಗೆ ಹೋಗಿ ಬರುತ್ತೇವೆ. ಎತ್ತುಗಳ ಮುಂದೆ ಒಬ್ಬೊಬ್ಬರು ಮೂಗುದಾರ ಹಿಡಿದು ನಡೆಯಲಿ, ದನಿಯ ಹಂಗೇ ಬೇಡ. ಭೀಮಶಿಯ ಕಾಲು ಗಡ್ಡ ಹಿಡಿದು ಹೇಗೋ ಒಪ್ಪಿಸಿದೆ. ಎದೆಯುಬ್ಬಿಸಿಕೊಂಡು ತಂಗೆವ್ವನ ಮನೆಗೆ ಹೋಗಿ, ಎಲ್ಲಕ್ಕಿಂತ ದೊಡ್ಡ ಕಾಣಿಕೆಯನ್ನು ಕೊನೆಗೆ ಇಟ್ಟೆ. “ಯವ್ವಾ, ನಿಮ್ಮ ಹೊಲದಾಗ ನನ್ನ ಕಡಿಯ ಒಬ್ಬನೂ ತುಟಿ ಬಿಚ್ಚೂದಿಲ್ಲ. ಬೇಕಾದ್ರ ಎಲ್ಲಾರ ಬಾಯಿಗೂ ಅರಬಿ ಚಿಂದಿ ಕಟ್ಟಿಸ್ತೀನಿ. ಎತ್ತಿನ ಕೊರಳಗಂಟಿನೂ ಬಿಚ್ಚಿಸ್ತೀನಿ. ರಾಚಪ್ಪ ಕಾಕಾನ ದನಿ ಯಾರೂ ಮುಟ್ಟೂದಿಲ್ಲ.”

ಆಕೆಯ ಕಣ್ಣು ತುಂಬಿ ಬರುತ್ತದೆ, ಒಳ್ಳೆಯ ಹುಡುಗ ಎಂದು ನನ್ನ ತಲೆ ಸವರುತ್ತಾಳೆ ಎಂದುಕೊಂಡಿದ್ದೆ. ತಂಗೆವ್ವ ಮೊರದಲ್ಲಿದ್ದ ತೊಗರಿಯನ್ನು ಧಡಕ್ಕನೆ ಚೀಲಕ್ಕೆ ಸುರಿದಳು, ಕುಡಿಯುತ್ತಿದ್ದ ಚಹಾದ ಬಟ್ಟಲನ್ನು ನನ್ನ ಕೈಯಿಂದ ಕಸಿದುಕೊಂಡಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಟ್ಟಲಲ್ಲಿ ಇನ್ನೂ ಅರ್ಧ ಚಹಾ ಇತ್ತು. ನನಗೆ ತಲೆಬುಡ ಅರ್ಥವಾಗಲಿಲ್ಲ. ಊರಲ್ಲಿ ಕೇಳಿದರೆ ಅವರಿಗೂ ಅರ್ಥವಾಗಲಿಲ್ಲ. ಇದಕ್ಕಿಂತ ಹೆಚ್ಚಿನ ಮರ್ಯಾದೆ ಇನ್ನು ಹೇಗೆ ಕೊಡುವುದು ಎಂದು ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ನೇಕಾರ ಓಣಿಯಲ್ಲಿ ಮುಖ ತೋರಿಸಲಾಗದೆ ಮರುದಿನ ಮಧ್ಯಾಹ್ನ ನಾನು ಒಬ್ಬನೇ ಆ ಹೊಲದ ಕಡೆ ಹೋದೆ. ಆಸೆ ಬಿಟ್ಟಿತ್ತು, ಆದರೂ ಇಳಿಜಾರು ಎಲ್ಲಿ ಎಷ್ಟಿದೆ ನೋಡೋಣವೆಂದು ಬಾಯಿಗೆ ಬೀಗ ಹಾಕಿಕೊಂಡು ಒಡ್ಡು ದಾಟಿದೆ. ಬೇವಿನ ಗಿಡದ ಹತ್ತಿರ ಹೋಗುವಷ್ಟರಲ್ಲಿ ಒಂದು ಜಾಲಿ ಮುಳ್ಳು ಚಪ್ಪಲಿಯನ್ನು ತೂರಿ ಅಂಗಾಲಿಗೆ ಇಳಿಯಿತು. ಜಾಲಿ ಮುಳ್ಳಿಗೆ ಮರ್ಯಾದೆ ಎಲ್ಲಿ ತಿಳಿಯಬೇಕು?

“ಯವ್ವಾ, ಸತ್ನೋ!” ಎಂದು ಚೀರಿಬಿಟ್ಟೆ.

ನಾನಲ್ಲ, ರಾಚಪ್ಪ ಚೀರಿದ. ಆ ದಪ್ಪ ದನಿ ಗುಡ್ಡಕ್ಕೆ ಬಡಿದು ತಿರುಗಿ ಬಂತು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಒಂಟಿ ಕಾಲಿನಲ್ಲಿ ನಿಂತೆ. ಹೊಲದ ಮೂಲೆಯ ಬಾವಿಯ ಆಚೆ ಮೇವು ಕೊಯ್ಯುತ್ತಿದ್ದ ತಂಗೆವ್ವ ಕುಡುಗೋಲು ಹಿಡಿದುಕೊಂಡೇ ಓಡಿ ಬರುತ್ತಿದ್ದಳು. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಆಕೆ ನನ್ನ ಹತ್ತಿರ ಬಂದು, ನಿಂತು, ಏದುಸಿರು ಬಿಡುತ್ತ ನನ್ನ ಬಾಯಿಯನ್ನೇ ನೋಡಿದಳು. ಅಲ್ಲೇ ಇರು ಎಂದು ಕುಡುಗೋಲಿನಿಂದ ಸನ್ನೆ ಮಾಡಿದಳು. ಸೀರೆಯ ನೆರಿಗೆ ಎತ್ತಿ ಹಿಡಿದು ಸರಸರ ಒಡ್ಡು ಹತ್ತಿ ಇಳಿದು ಆಚೆಯ ರಸ್ತೆಗೆ ಹೋಗಿ, ನನ್ನ ಕಡೆ ತಿರುಗಿ ನಿಂತಳು. ರಸ್ತೆಯ ಮೇಲೆ ಆಕೆಯ ದನಿ ಆಕೆಯದು.

“ಇನ್ನೊಮ್ಮೆ ಅನ್ನು,” ಎಂದಳು.

“ಏನ ಅನ್ಲಿ?” ಎಂದೆ ನಾನು, ರಾಚಪ್ಪನ ದನಿಯಲ್ಲಿ.

ತಂಗೆವ್ವ ರಸ್ತೆಯ ಮೇಲೆ ಹಾಗೆಯೇ ಕುಸಿದು ಕೂತಳು. ಅತ್ತಳೋ ನಕ್ಕಳೋ ಅಷ್ಟು ದೂರದಿಂದ ನನಗೆ ತಿಳಿಯಲಿಲ್ಲ. ಎರಡೂ ಇತ್ತೆಂದು ಕಾಣುತ್ತದೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೂಗಿ ಹೇಳಿದಳು.

“ಮೂರು ವರ್ಷಾತು ಕಾಡಪ್ಪಾ. ಈ ಹೊಲದಾಗ ಒಂದು ನರಪಿಳ್ಳೆ ಬಾಯಿ ತಗದಿಲ್ಲ. ಮರ್ಯಾದಿ ಅಂತ ಮರ್ಯಾದಿ! ನಾನ ಬೇವಿನ ಬುಡಕ ಕುಂತು ಮಾತಾಡಿ ನೋಡೀನಿ. ನನ್ನ ಬಾಯಾಗಿಂದ ಬಂದ್ರ ಅದು ನನಗ ಅವರಂಗ ಕೇಳೂದಿಲ್ಲ, ತಲಿಯೊಳಗ ಏನೋ ಗುಂಯ್ ಅಂದಂಗ ಕೇಳತೈತಿ. ಮತ್ತೊಬ್ಬರು ಆಡಿದ್ರಷ್ಟ ಅದು ಅವರ ದನಿ. ಅಂಥಾದ್ರಾಗ ನೀ ಬಂದು ಎಲ್ಲಾರ ಬಾಯಿಗೂ ಅರಬಿ ಕಟ್ಟತೀನಿ ಅಂದಿ. ನನಗ ಸಿಟ್ಟು ಬರಬಾರದೇನ ಮತ್ತ?”

ನನಗೆ ನಾಚಿಕೆಯೂ ಆಯಿತು, ಒಳಗೊಳಗೆ ಖುಷಿಯೂ ಆಯಿತು. ಇಡೀ ಊರು ಸೇರಿ ಮೂರು ವರ್ಷ ಆ ಹೆಂಗಸಿಗೆ ಎಂಥ ಮರ್ಯಾದೆ ಮಾಡಿದ್ದೆವು! ಹಾಗಾದರೆ ನೀವೇ ಯಾರಿಗಾದರೂ ಹೇಳಬಹುದಿತ್ತಲ್ಲ ಎಂದು ಕೇಳಿದೆ. ನನ್ನ ಗಂಡನ ದನಿಯಲ್ಲಿ ನಾಕು ಮಾತಾಡ್ರಪ್ಪಾ ಅಂತ ಮಂದಿಯ ಮನೆಬಾಗಿಲಿಗೆ ಹೋಗಿ ಬೇಡಲೇನು ಎಂದು ಆಕೆ ತಿರುಗಿ ಕೇಳಿದಳು. ಅದೂ ಸರಿಯೇ.

ಆಕೆ ಮತ್ತೆ ಹೊಲಕ್ಕಿಳಿದು ಬಂದು, ಸೊಂಟದ ಚಿಮಟಿಗೆ ತೆಗೆದು ನನ್ನ ಮುಳ್ಳು ಕಿತ್ತಳು. ಅವಸರ ಮಾಡಲಿಲ್ಲ. ನಾನು ಹಾ ಎಂದೆ, ಹೂ ಎಂದೆ, ಯಪ್ಪಾ ಎಂದೆ, ಒಂದೊಂದಕ್ಕೂ ಆಕೆ ಕಿವಿ ಕೊಟ್ಟು ಕೂತಳು. ಬದುಕಿದ್ದಾಗ ರಾಚಪ್ಪ ಮುಳ್ಳು ಚುಚ್ಚಿದರೂ ತುಟಿ ಕಚ್ಚಿ ಸುಮ್ಮನಿರುತ್ತಿದ್ದನಂತೆ. ಮುಳ್ಳು ಬಂದ ಮೇಲೂ ಇನ್ನೂ ಒಂಚೂರು ಉಳಿದಿದೆ ನೋಡು ಎಂಬಂತೆ ಚಿಮಟಿಗೆ ಒತ್ತಿದಳು. ಏನೂ ಉಳಿದಿರಲಿಲ್ಲ.

ಕರಾರು ರಸ್ತೆಯ ಮೇಲೆ ನಿಂತು ಆಯಿತು. ಕಲ್ಲು ನೆಡುವಂತಿಲ್ಲ. ಒಡ್ಡು, ನೇಗಿಲು, ಬೇವಿನ ಗಿಡ, ಎತ್ತಿನ ಮುಂದೆ ಮೂಗುದಾರ ಹಿಡಿದು ನಡೆಯುವುದು, ಇವೆಲ್ಲ ನಾನು ಹೇಳಿದ ಹಾಗೇ. ಬಾಡಿಗೆ ಬೇಡ, ಆದರೆ ಹೊಲ ದಾಟುವ ಪ್ರತಿಯೊಬ್ಬನೂ ಈ ಒಡ್ಡಿನಿಂದ ಆ ಒಡ್ಡಿನವರೆಗೆ ಮಾತಾಡುತ್ತ ಹೋಗಬೇಕು. ಏನು ಮಾತಾಡಬೇಕು ಎಂದು ಕೇಳಿದೆ. ಆಕೆಯನ್ನು ಹೊಗಳುವ ನಾಕು ಮಾತು ಬೇಕಾದರೆ ಎಲ್ಲರಿಗೂ ಕಲಿಸುತ್ತೇನೆ ಎಂದೂ ಹೇಳಿದೆ. ತಂಗೆವ್ವ ಮುಖ ಕಿವುಚಿದಳು. “ನಾಟಕ ಬ್ಯಾಡ. ಅವರೇನು ನನ್ನ ಹೊಗಳತಿದ್ರೇನ? ನೀವು ಎತ್ತಿಗಿ ಬೈತಿದ್ರ ಬೈರಿ, ಬಿಸಲು ಭಾಳ ಅನ್ರಿ. ಮನಶ್ಯಾರು ಮಾತಾಡೂ ಹಂಗ ಮಾತಾಡ್ರಿ, ಸಾಕು.”

ಗಾಡಿಯವರನ್ನು ಒಪ್ಪಿಸುವುದು ಮತ್ತೊಂದು ಪಂಚಾಯ್ತಿಯಾಯಿತು. ಸತ್ತವನ ದನಿಯಲ್ಲಿ ಎತ್ತಿಗೆ ಬೈಯುವುದೇ ಎಂದು ಭೀಮಶಿ ಎರಡೂ ಕೆನ್ನೆ ಬಡಿದುಕೊಂಡ. ಕೊನೆಗೆ, ಮಾತಾಡುತ್ತೇವೆ, ಆದರೆ ನಗುವುದು ಮಾತ್ರ ಆಗದು, ನಕ್ಕರೆ ಅಣಕಿಸಿದಂತಾಗುತ್ತದೆ ಎಂದು ಎಲ್ಲರೂ ಸೇರಿ ನಿರ್ಧಾರ ಮಾಡಿದರು. ತಂಗೆವ್ವ ಅದಕ್ಕೆ ತಲೆಯಾಡಿಸಿದಳು. ನಗುವುದನ್ನು ಆಕೆ ಕೇಳಿರಲೂ ಇಲ್ಲ.

ಮೊದಲ ದಿನ ಅರ್ಧ ಊರು ರಸ್ತೆಯ ಮೇಲೆ ಸೇರಿತ್ತು. ಮುಂದಿನ ಗಾಡಿ ಭೀಮಶಿಯದು. ಅದರ ಎಡಗಡೆಯ ಕೆಂದೆತ್ತು ಮೊದಲು ರಾಚಪ್ಪನದೇ. ಆತ ಹೋದ ಮೇಲೆ ತಂಗೆವ್ವ ಅದನ್ನು ಭೀಮಶಿಗೆ ಮಾರಿದ್ದಳು. ಅದು ಆಗ ಯಾರ ತಲೆಯಲ್ಲೂ ಇರಲಿಲ್ಲ. ಗಾಡಿ ಗುಡ್ಡ ಇಳಿದು ಒಡ್ಡು ದಾಟಿತು. ಭೀಮಶಿ ಗಂಟಲು ಸರಿ ಮಾಡಿಕೊಂಡು, ನಾಚಿ ನೀರಾಗಿ, “ಹೋ... ಹೋ... ಸಾವಕಾಶ,” ಎಂದ. ರಾಚಪ್ಪನ ದನಿ ಹೊರಟಿತು.

ಕೆಂದೆತ್ತು ಕಿವಿ ನಿಮಿರಿಸಿ ನಿಂತಿತು. ಒಮ್ಮೆ ಮೂಸಿತು. ಆಮೇಲೆ ಭೀಮಶಿಯನ್ನೂ ಹಗ್ಗವನ್ನೂ ಲೆಕ್ಕಕ್ಕೇ ಇಟ್ಟುಕೊಳ್ಳದೆ, ಜೊತೆಯ ಎತ್ತನ್ನೂ ಅಷ್ಟು ದೊಡ್ಡ ತೇಗದ ದಿಮ್ಮಿಯನ್ನೂ ಎಳೆದುಕೊಂಡು, ನೆಟ್ಟಗೆ ಬೇವಿನ ಗಿಡದ ಬುಡದ ಕಲ್ಲು ದೋಣಿಯ ಹತ್ತಿರ ಹೋಗಿ ನಿಂತು ಕುತ್ತಿಗೆ ಬಗ್ಗಿಸಿತು. ಉಳುಮೆಯ ನಡುವೆ ರಾಚಪ್ಪ ನೀರು ಕುಡಿಸುತ್ತಿದ್ದ ಜಾಗ. ದೋಣಿ ಒಣಗಿತ್ತು. ಎತ್ತು ತಲೆಯೆತ್ತಿ ಭೀಮಶಿಯ ಕಡೆ ನೋಡಿತು, ನೀರೆಲ್ಲಿ ಎಂಬಂತೆ. ಭೀಮಶಿ ಪೆಚ್ಚಾಗಿ ನನ್ನ ಕಡೆ ನೋಡಿದ. ರಸ್ತೆಯ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತಂಗೆವ್ವ ಮಾತ್ರ ಓಡಿಹೋಗಿ ಬಾವಿಯಿಂದ ನೀರು ಸೇದಿ ತಂದು ದೋಣಿ ತುಂಬಿಸಿದಳು. ಎತ್ತು ಕುಡಿಯುವವರೆಗೂ ಅದರ ಡುಬ್ಬದ ಮೇಲೆ ಕೈಯಿಟ್ಟು ನಿಂತಿದ್ದಳು.

ಆ ದಿನದಿಂದ ಕೆಂದೆತ್ತೇ ನಮ್ಮ ಮುಖಂಡ. ಉಳಿದ ಎತ್ತುಗಳು ಒಡ್ಡಿನ ಹತ್ತಿರ ದನಿ ಬದಲಾದಾಗ ದಿಗಿಲುಗೊಂಡರೂ, ಅದು ಮುಂದೆ ಹೋಗುವುದನ್ನು ಕಂಡು ಹಿಂದೆ ಹೋಗುತ್ತಿದ್ದವು. ಪ್ರತಿ ಸಲವೂ ಅದಕ್ಕೆ ದೋಣಿಯಲ್ಲಿ ನೀರು ಕುಡಿಸಲೇಬೇಕು. ಬಾಯಾರಿಕೆ ಇರಲಿ ಬಿಡಲಿ, ಇಲ್ಲದಿದ್ದರೆ ಕಾಲು ಕೀಳುತ್ತಿರಲಿಲ್ಲ.

ಗಾಡಿಯವರ ನಾಲಿಗೆಯೂ ಮೆಲ್ಲಗೆ ಸಡಿಲವಾಯಿತು. ಭೀಮಶಿ ಬರೀ ಬಿಸಿಲಿನ ಬಗ್ಗೆ ಮಾತಾಡುತ್ತಿದ್ದ, ಆದರೆ ಬಿಸಿಲಿನ ಬಗ್ಗೆ ಅಷ್ಟೊಂದು ಮಾತು ಇದೆಯೆಂದು ನನಗೆ ಗೊತ್ತಿರಲಿಲ್ಲ. ಎರಡನೆಯ ಗಾಡಿಯ ಹುಸೇನಸಾಬ ದೂರದ ಊರುಗಳನ್ನೆಲ್ಲ ತಿರುಗಿದ ಮಾತುಗಾರ. ದನದ ಸಂತೆಯಲ್ಲಿ ತಾನು ಕೊಂಡ ಎಮ್ಮೆ ದಾರಿಯಲ್ಲಿ ಮದುವೆಯ ದಿಬ್ಬಣದೊಳಗೆ ನುಗ್ಗಿದ ಕಥೆಯನ್ನು ಆತ ಒಂದು ಗಾಡಿಗೆ ಒಂದು ತುಂಡಿನಂತೆ ಹೇಳುತ್ತ ಹೋದ. ಎಮ್ಮೆ ಚಪ್ಪರದ ಹತ್ತಿರ ಬಂತು ಎನ್ನುವಷ್ಟರಲ್ಲಿ ಆಚೆಯ ಒಡ್ಡು ಬಂದುಬಿಡುತ್ತಿತ್ತು. ಮುಂದೇನಾಯಿತು ಎಂದು ತಂಗೆವ್ವ ರಸ್ತೆಯಿಂದ ಕೂಗಿ ಕೇಳಿದರೆ, ದಿಮ್ಮಿ ಇಳಿಸಿ ಬರ್ತೀನಿ ಯವ್ವಾ ಎನ್ನುತ್ತಿದ್ದ. ರಾಚಪ್ಪ ಇಡೀ ಸಂಸಾರದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಆ ವಾರದಲ್ಲಿ ಆಡಿದ. ಕಳೆ ಕೀಳುವ ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದು ತಂಗೆವ್ವನ ಪಕ್ಕದಲ್ಲಿ ಕೂತು ಕೇಳತೊಡಗಿದರು. ಮಗ್ಗಕ್ಕೆ ಕಾದಿದ್ದ ನೇಕಾರರು ಕಟ್ಟಿಗೆ ಬೇಗ ತಾ ಎನ್ನುವುದನ್ನು ಬಿಟ್ಟು, ಎಮ್ಮೆಯ ಕಥೆ ಮುಗಿಯಿತೇ ಎಂದು ಕೇಳುತ್ತಿದ್ದರು. ಗಾಡಿಯವರು ನಗು ಬಂದರೆ ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಹೇಗೋ ಒಡ್ಡು ದಾಟಿ ರಸ್ತೆಗೆ ಬಂದು, ಅಲ್ಲಿ ತಮ್ಮ ತಮ್ಮ ದನಿಯಲ್ಲಿ ಮನಸಾರೆ ನಕ್ಕು ಮುಂದೆ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ತಂಗೆವ್ವ ಎಲ್ಲರಿಗೂ ರೊಟ್ಟಿ, ಝುಣಕ ಮಾಡಿಕೊಂಡು ಬಂದಳು. ಬೇವಿನ ನೆರಳಲ್ಲಿ ನಮ್ಮನ್ನು ಕೂರಿಸಿ ಬಡಿಸಿ, ತಾನು ರಸ್ತೆಗೆ ಹೋಗಿ ಕೂತಳು. ಊಟದ ಮಾತು ಕೇಳಬೇಕಿತ್ತು ಎಂದು ಕಾಣುತ್ತದೆ. ಹೊಗಳಬಾರದೆಂಬ ಕರಾರಿದ್ದರಿಂದ ಎಲ್ಲರೂ ತಲೆ ತಗ್ಗಿಸಿ ಮೆಲ್ಲುತ್ತಿದ್ದೆವು. ಹುಸೇನಸಾಬ ಒಂದು ತುತ್ತು ನುಂಗಿ, ಬಾಯಿ ತಪ್ಪಿ, “ಉಪ್ಪು ಕಡಿಮಿ ಆಗೇತಿ,” ಎಂದುಬಿಟ್ಟ. ಪಾಪ, ಆತ ಅಲ್ಲಾ ಎಂದು ನಾಲಿಗೆ ಕಚ್ಚಿಕೊಂಡ. ರಸ್ತೆಯ ಕಡೆ ನೋಡಿದರೆ ತಂಗೆವ್ವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಭುಜ ಕುಲುಕುತ್ತಿತ್ತು. ಕೈ ತೆಗೆದಾಗ ಮುಖ ಹದಿನಾರರ ಹುಡುಗಿಯದಾಗಿತ್ತು.

“ಕೇಳಿದ್ರೇನ?” ಎಂದಳು ಪಕ್ಕದ ಹೆಂಗಸರಿಗೆ. “ಇವರ. ಇವರ ನೋಡ್ರಿ ನನ್ನ ಗಂಡ. ಉಣ್ಣಾಕ ಕುಂತ್ರ ಇದೊಂದು ಮಾತು ತಪ್ಪತಿರಲಿಲ್ಲ.”

ಮರುದಿನ ಆಕೆ ತಂದ ಝುಣಕದಲ್ಲೂ ಉಪ್ಪು ಕಡಿಮೆ ಇತ್ತು. ಅದರ ಮರುದಿನವೂ. ನಾವು ಬಿಡದೆ ದೂರಿದೆವು.

ಕಡೆಯ ದಿಮ್ಮಿಗಳು ಇಳಿಯುವ ದಿನ ಮೂಡಲಲ್ಲಿ ಮೋಡ ಕಪ್ಪಗೆ ಎದ್ದು ನಿಂತಿತ್ತು. ಗಾಳಿಯಲ್ಲಿ ಮಣ್ಣಿನ ವಾಸನೆ. ನನಗೆ ನೆಮ್ಮದಿಯಾಗಬೇಕಿತ್ತು, ಯಾಕೋ ಆಗಲಿಲ್ಲ. ಎಮ್ಮೆಯ ಕಥೆ ಮುಗಿದಿತ್ತು. ಇವತ್ತಿನಿಂದ ಈ ಹೊಲ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತದೆಯೇ? ತೋಪಿನಲ್ಲಿ ಇನ್ನೂ ಎಳೆಯ ಮರಗಳಿದ್ದವು, ವರ್ಷಕ್ಕಿಷ್ಟು ಬಲಿಯುವಂಥವು. ಗಾಡಿಗಳನ್ನು ಬೇವಿನ ಹತ್ತಿರ ನಿಲ್ಲಿಸಿ, ನಾನು ಹೊಲದ ನಡುವೆ ನಿಂತು, ರಸ್ತೆಯ ಮೇಲಿದ್ದ ಆಕೆಗೆ ಕೈ ಮುಗಿದೆ.

“ಯವ್ವಾ,” ಎಂದು ಶುರು ಮಾಡಿದೆ.

ತಂಗೆವ್ವ ಕೈಯೆತ್ತಿ ತಡೆದಳು. “ಗಂಡನ ದನೀಲೆ ಯವ್ವಾ ಅನಬ್ಯಾಡೋ ಮಾರಾಯಾ. ಏನ ಕೇಳೂದಿದ್ರೂ ಹೆಸರು ಹಿಡದು ಕೇಳು. ಅವರು ನನ್ನ ಹೆಸರು ಹಿಡದು ಏನೂ ಕೇಳಿದವರಲ್ಲ.”

ತಾಯಿಯ ವಾರಿಗೆಯವಳ ಹೆಸರು ಹಿಡಿಯಲು ನನ್ನ ನಾಲಿಗೆ ಹೊರಳಲಿಲ್ಲ. ಭೀಮಶಿ ನೆಲ ನೋಡತೊಡಗಿದ. ನಾನು ಕಣ್ಣು ಮುಚ್ಚಿಕೊಂಡೆ.

“ತಂಗೆವ್ವಾ,” ಎಂದೆ. ಆ ದನಿಯಲ್ಲಿ ಆ ಹೆಸರು ಎಷ್ಟು ಚೆಂದ ಕೇಳಿಸಿತೆಂದರೆ ಮತ್ತೊಮ್ಮೆ ಕರೆದೆ. “ತಂಗೆವ್ವಾ, ಕಲ್ಲು ಬ್ಯಾಡ. ವರ್ಷಾ ಬ್ಯಾಸಿಗ್ಯಾಗ ಹಿಂಗ ಈ ಹೊಲದಾಗ ಮಾತಾಡಕೋತ ಹಾದು ಹೋಗಾಕ ದಾರಿ ಕೊಡ್ತೀಯೇನ?”

ಆಕೆ ಸೆರಗು ಸರಿ ಮಾಡಿಕೊಂಡಳು. ಮೋಡ ನೋಡಿದಳು, ಬೇವಿನ ಗಿಡ ನೋಡಿದಳು, ದೋಣಿಗೆ ಬಾಯಿ ಹಾಕಿ ನಿಂತಿದ್ದ ಕೆಂದೆತ್ತನ್ನು ನೋಡಿದಳು. ನಮ್ಮನ್ನು ಬೇಕೆಂದೇ ಕಾಯಿಸುತ್ತಿದ್ದಳು, ಆ ಕಾಯಿಸುವುದರ ರುಚಿಯನ್ನು ನಿಧಾನವಾಗಿ ಸವಿಯುತ್ತಿದ್ದಳು. ಆಮೇಲೆ ಗಲ್ಲ ಮೇಲೆತ್ತಿ ಹೇಳಿದಳು.

“ನೋಡೂಣು.”

ನನಗೆ ತಡೆಯಲಾಗಲಿಲ್ಲ. ಕರಾರು ಗಿರಾರು ಎಲ್ಲ ಮರೆತು ನಕ್ಕುಬಿಟ್ಟೆ. ಹುಸೇನಸಾಬ ನಕ್ಕ, ಭೀಮಶಿ ನಕ್ಕ, ಗಾಡಿಯವರೆಲ್ಲ ನಕ್ಕರು. ಆಗಲೇ ಅರಿವಾದದ್ದು, ಆ ನಗು ನಮ್ಮದಲ್ಲ ಎಂದು. ದೊಡ್ಡದು, ದುಂಡನೆಯದು, ಹೊಟ್ಟೆಯ ತಳದಿಂದ ಗುಳುಗುಳು ಎದ್ದು ಬರುವಂಥದು. ಮೀಸೆಯ ಹಿಂದೆ ಒಂದು ಜನ್ಮ ಪೂರ್ತಿ ಕೂತಿದ್ದ ನಗು. ನಾವು ಹೆದರಿ ನಿಲ್ಲಿಸಲು ಹೋದೆವು, ಅದು ನಿಲ್ಲಲಿಲ್ಲ. ತಂಗೆವ್ವ ರಸ್ತೆಯ ಮೇಲೆ ಕತ್ತು ಓರೆ ಮಾಡಿ, ಕಣ್ಣು ತುಂಬಿಕೊಂಡು, ಮೊದಲ ಹನಿಗಳು ಮುಖದ ಮೇಲೆ ಬೀಳುತ್ತಿದ್ದರೂ ಕದಲದೆ ಕೇಳುತ್ತ ನಿಂತಿದ್ದಳು.

“ಹಿಂಗ ಐತೇನ ಇವರ ನಗಿ,” ಎಂದಳು ಕೊನೆಗೆ, ಯಾರಿಗೂ ಅಲ್ಲದಂತೆ. ಆಮೇಲೆ ನಮ್ಮ ಕಡೆ ಕೈ ಬೀಸಿದಳು. “ಗಾಡಿ ಎಬ್ಬಸ್ರಿ, ಹೊಲ ಹಸಿ ಆಗತೈತಿ. ಮುಂದಿನ ಬ್ಯಾಸಿಗಿಗೆ ಎರಡು ಗಾಡಿ ಹೆಚ್ಚಿಗಿನ ತಗೊಂಡು ಬಾ ಕಾಡಪ್ಪಾ. ನಗೂ ಮಂದೀನ್ನ ನೋಡಿ ತಗೊಂಡು ಬಾ.”